ದೊಡ್ಡಮ್ಮನ ವಾಟ್ಸಾಪ್ ಪಾಠಶಾಲೆ

ಗೃಹಲಕ್ಷ್ಮಿಯ 2000 ರೂಪಾಯಿ ಬಂತೋ ಇಲ್ಲವೋ ನೋಡುವಷ್ಟು ಫೋನು ಕಲಿಸು ಎಂದು ಕೊಳ್ಳೇಗಾಲದ ದೊಡ್ಡಮ್ಮ ನನ್ನನ್ನು ಮೇಷ್ಟ್ರು ಮಾಡಿದರು. ರೇಷ್ಮೆ ನೂಲು ತೆಗೆದು ಸವೆದ ಬೆರಳನ್ನು ಫೋನಿನ ಬೀಗ ಒಪ್ಪಲಿಲ್ಲ. ‘ರೇಸನ್ ಅಂಗ್ಡಿ ಮಿಸಿನ್ನೇ ಒಪ್ಪಲ್ಲ, ಇದ್ಯಾವ ಲೆಕ್ಕ ಬುಡು ಮೊಗ’ ಎಂದು ನನಗೇ ಸಮಾಧಾನ ಹೇಳಿದರು.

ಕೊನೆಗೆ ವಾಟ್ಸಾಪಿನಲ್ಲಿ ಮೈಕಿನ ಗುರುತು ಒತ್ತಿಹಿಡಿದು ಸೋಬಾನೆ ಹಾಡಿಸಿ ನೆಂಟರಿಗೆ ಕಳಿಸಿದೆ. ಅಷ್ಟೇ! ಹನೂರಿನ ನಾದಿನಿ ಮಾದಪ್ಪನ ಪದ ಕಳಿಸಿದರು. ಯಳಂದೂರಿನ ಬೀಗಿತ್ತಿ ಬಿಳಿಗಿರಿರಂಗನನ್ನೇ ಕರೆತಂದರು. ಜಗಲಿ ತುಂಬ ಅಕ್ಕಪಕ್ಕದ ಅಜ್ಜಿಯರು, ಎಲೆಯಡಿಕೆ, ಒಂದೇ ಫೋನು. ಮೇಷ್ಟ್ರಿಗೆ ಈಗ ಚಾರ್ಜರ್ ಹುಡುಕುವ ಕೆಲಸ ಮಾತ್ರ.

ಅಜ್ಜಿಯರಿಗೆ ಕಲಿಸುವವರೇ, ಹಾಡಿನಿಂದ ಶುರುಮಾಡಿ, ಪಾಸ್‌ವರ್ಡ್ ಆಮೇಲಾಗಲಿ. ಫೋನು ಕೊಳ್ಳುವಾಗ ಮಾತ್ರ ದೊಡ್ಡ ಸ್ಟೋರೇಜಿನದೇ ಕೊಳ್ಳಿ.