ಶನಿವಾರದ ಮೇಷ್ಟ್ರನ್ನು ಬಳಸುವ ಕ್ರಮ

ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್‌ಮನೆಗಳ ಮಕ್ಕಳೇ, ನಿಮಗೊಬ್ಬ ಸ್ವಯಂಸೇವಕ ಮೇಷ್ಟ್ರು ಮಂಜೂರಾಗಿದ್ದಾರೆ. ತಯಾರಾದದ್ದು ಬೆಂಗಳೂರಿನಲ್ಲಿ. ಹಳ್ಳಿ ಮಕ್ಕಳನ್ನು ಉದ್ಧಾರ ಮಾಡುವ ಹುಮ್ಮಸ್ಸು ತುಂಬಿಯೇ ಕಳಿಸಿದ್ದಾರೆ. ಕೆಜಿಎಫ್ ಹಳ್ಳಿಯಲ್ಲ ಎಂಬುದನ್ನು ತುಂಬಿಲ್ಲ. ಬಳಸುವ ಮುನ್ನ ಈ ಕೈಪಿಡಿ ಓದಿಕೊಳ್ಳಿ.

1. ಇಳಿಸಿಕೊಳ್ಳುವುದು

ಬಂಗಾರಪೇಟೆ ಜಂಕ್ಷನ್‌ನಲ್ಲಿ ಇಳಿಸಿಕೊಂಡು ಕೆಜಿಎಫ್‌ಗೆ ಬರುವ ಮಾರಿಕುಪ್ಪಂ ಗಾಡಿ ಹತ್ತಿಸಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಊರಿನ ಎಷ್ಟೋ ಅಪ್ಪ ಅಮ್ಮಂದಿರು ಇದೇ ಹಳಿಯ ಮೇಲೆ ನಸುಕಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆಂದು ದಾರಿಯಲ್ಲೇ ಹೇಳಿಬಿಡಿ. 'ಹೋಮ್‌ವರ್ಕ್‌ಗೆ ಅಪ್ಪನ ಸಹಿ ಯಾಕಿಲ್ಲ?' ಎಂಬ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

2. ಚಾಲೂ ಮಾಡುವುದು

ನಿಮಗೆ ಮನೆಯಲ್ಲಿ ತಮಿಳು, ಪೇಟೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇವರು ಇಂಗ್ಲಿಷಿನಲ್ಲಿ ಶುರುಮಾಡುತ್ತಾರೆ. ಭಿನ್ನರಾಶಿ ಅರ್ಥವಾಗದಿದ್ದರೆ ದಾಕ್ಷಿಣ್ಯಕ್ಕೆ ತಲೆಯಾಡಿಸಬೇಡಿ, ಸುಮ್ಮನೆ ಮುಖ ನೋಡಿ. ಮೊದಲು ಅದನ್ನೇ ಜೋರಾಗಿ ಹೇಳುತ್ತಾರೆ. ಆಮೇಲೆ ನಿಧಾನವಾಗಿ. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು, ನಿಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತು, 'ನೀನು ಹೇಗೆ ಲೆಕ್ಕ ಹಾಕಿದೆ, ಹೇಳಪ್ಪ' ಅನ್ನುತ್ತಾರೆ. ಮೇಷ್ಟ್ರು ಚಾಲೂ ಆದರು.

3. ದೋಷ, ಪರಿಹಾರ

ದೋಷ: 'ನಿಮ್ಮ ಬಾಳಿಗೆ ಬೆಳಕು ತಂದಿದ್ದೇನೆ' ಎನ್ನುವುದು.
ಪರಿಹಾರ: ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ 1902ರಲ್ಲಿ ಬಂತು, ಬೆಂಗಳೂರಿಗೆ 1905ರಲ್ಲಿ ಎಂದು ವಿನಯದಿಂದ ತಿಳಿಸಿ.

ದೋಷ: 'ಇಲ್ಲಿ ಓದಿನ ವಾತಾವರಣವೇ ಇಲ್ಲ' ಎನ್ನುವುದು.
ಪರಿಹಾರ: ತಮಿಳು ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಸಂಘ ಶತಮಾನದ ಹಿಂದೆಯೇ ಮಾರಿಕುಪ್ಪಂನಲ್ಲಿ ಶಾಖೆ ತೆರೆದಿತ್ತು, ಅವರು ಹುಟ್ಟುಹಾಕಿದ 'ತಮಿಳನ್' ಪತ್ರಿಕೆ ಮುಂದೆ ಕೆಜಿಎಫ್‌ನಿಂದಲೇ ಹೊರಡುತ್ತಿತ್ತು. ಹೇಳಿ, ಒಂದು ನಿಮಿಷ ಬಿಡಿ.

ದೋಷ: ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಮುಂದೆ ಸಿನಿಮಾ ನಾಯಕನ ಹಾಗೆ ನಿಂತು ಸೆಲ್ಫಿ.
ಪರಿಹಾರ: ಗಾಳಿ ಬೀಸಿದರೆ ಆ ದೂಳು ಯಾರ ಮನೆಯ ಅನ್ನಕ್ಕೆ ಬೀಳುತ್ತದೆಂದು ತೋರಿಸಿ. ಆಮೇಲೆ ಗಣಿಗಿಳಿಯುತ್ತಿದ್ದ ತಾತನ ಹತ್ತಿರ ಕೂರಿಸಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಾತ ಕೇಜಿನಲ್ಲಿಳಿದದ್ದರಿಂದ ಹಿಡಿದು ಬಂಡೆ ಸಿಡಿತದವರೆಗೂ ಹೇಳಿ ಮುಗಿಸುವ ತನಕ ಮೇಷ್ಟ್ರ ಫೋನು ಜೇಬಿನಲ್ಲೇ ಇದ್ದರೆ ರಿಪೇರಿ ಆಯಿತು.

ದೋಷ: ಮುಖ ನೋಡಿಯೇ ಜಾಣರು, ದಡ್ಡರು ಎಂದು ವಿಂಗಡಿಸುವುದು.
ಪರಿಹಾರ: ಬಂಗಾರಪೇಟೆ ಪಾನಿಪೂರಿ ತಿನ್ನಿಸಿ. ಅಲ್ಲಿಯ ಪಾನಿ ನೋಡಲು ಬರೀ ನೀರು. ಖಾರ ಗೊತ್ತಾಗುವುದು ಬಾಯಿಗೆ ಬಿದ್ದ ಮೇಲೆ. ಕಣ್ಣೊರೆಸಿಕೊಂಡ ಮೇಲೆ ಹಿಂದಿನ ಸಾಲಿನ ಮಾತಾಡದ ಹುಡುಗಿಗೂ ಒಂದು ಪ್ರಶ್ನೆ ಕೇಳುತ್ತಾರೆ.

4. ವಾರಂಟಿ

ವರ್ಷ ತುಂಬುವಷ್ಟರಲ್ಲಿ ಇವರಿಗೆ ತಾಳ್ಮೆ ಬಂದಿರುತ್ತದೆ. 'ನನಗೆ ಗೊತ್ತಿಲ್ಲ, ತಿಳಿದುಕೊಂಡು ಹೇಳ್ತೀನಿ' ಎನ್ನಲು ನಾಲಗೆ ಹೊರಳುತ್ತದೆ. ಕೆಲಸದ ಸಂದರ್ಶನದಲ್ಲಿ ಇದನ್ನೇ ನಾಯಕತ್ವ ಗುಣ ಎಂದು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ಆದರೆ ಅವರು ಕಲಿತದ್ದು ನಿಮ್ಮ ಶನಿವಾರಗಳ ಖರ್ಚಿನಲ್ಲಿ, ಹಾಗಾಗಿ ಬಾಕಿ ವಸೂಲು ಮಾಡಿ. ನಿಮಗೆ ಭಿನ್ನರಾಶಿ ಬಂದೇ ತೀರಬೇಕು. ಪರೀಕ್ಷೆ ಹತ್ತಿರವಾದಾಗ ಹೇಳದೆ ಕೇಳದೆ ಅವರು ಮಾಯವಾಗಕೂಡದು. ಬಿಡುವುದಾದರೆ, ಯಾವ ಮಗು ಯಾವ ಪಾಠದಲ್ಲಿ ನಿಂತಿದೆ ಎಂದು ಬರೆದು ಮುಂದಿನವರ ಕೈಗೆ ಕೊಟ್ಟು ಹೋಗಬೇಕು. ಇಷ್ಟೂ ಮಾಡದವರು ಬೆಳೆದಿಲ್ಲ, ಬಂದು ಹೋಗಿದ್ದಾರೆ ಅಷ್ಟೆ.