ಬೆಂಕಿಪೊಟ್ಟಣದವರಿಗೆ ವರ್ಗಾವಣೆ ಆದೇಶ

ಇವರಿಗೆ,
ಶ್ರೀ ಬೆಂಕಿಪೊಟ್ಟಣದವರು,
ಹಿತ್ತಿಲ ಕಸ ವಿಲೇವಾರಿ ಅಧಿಕಾರಿಗಳು (ಪ್ರಭಾರ),
ಗೆಜ್ಜಲಗೆರೆ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ.

ವಿಷಯ: ತಮ್ಮ ಸ್ಥಾನಕ್ಕೆ ಸದ್ದು ಕಡಿಮೆಯಿರುವ, ಕರೆಂಟಿನಲ್ಲಿ ಕೊಂಬೆ ಪುಡಿಮಾಡುವ ಯಂತ್ರವನ್ನು ನೇಮಿಸಿಕೊಳ್ಳುವ ಬಗ್ಗೆ.
ಉಲ್ಲೇಖ: ಪಕ್ಕದ ಮನೆಯವರ ಮೌಖಿಕ ಆಕ್ಷೇಪಣೆ (ಕಾಂಪೌಂಡಿನ ಮೇಲಿಂದ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ತಮ್ಮ ಇಡೀ ಸೇವಾವಧಿಯಲ್ಲಿ ಸದ್ದಿನ ಬಗ್ಗೆ ಒಂದೇ ಒಂದು ದೂರು ಬಂದಿಲ್ಲ. ಒಮ್ಮೆ ಚುರ್ ಎನ್ನುತ್ತೀರಿ, ಆಮೇಲೆ ಮೌನ. ಕರೆಂಟು ಕೇಳುವುದಿಲ್ಲ, ಗ್ರೀಸು ಕೇಳುವುದಿಲ್ಲ, ರಿಪೇರಿಗೆಂದು ಮಂಡ್ಯಕ್ಕೆ ಹೊತ್ತುಕೊಂಡು ಹೋಗಬೇಕಿಲ್ಲ. ಸಂಬಳವೋ, 2007ರಿಂದ ಒಂದು ರೂಪಾಯಿಯಲ್ಲೇ ಬದುಕಿ, 2021ರ ಡಿಸೆಂಬರ್‌ನಲ್ಲಿ ಎರಡು ರೂಪಾಯಿಗೆ ಏರಿದಿರಿ. ವೇತನ ಪರಿಷ್ಕರಣೆಗೆ ಹದಿನಾಲ್ಕು ವರ್ಷ ಕಾದು ಒಂದು ದಿನವೂ ಮುಷ್ಕರ ಹೂಡದ ನೌಕರರು ಈ ರಾಜ್ಯದಲ್ಲಿ ತಾವೊಬ್ಬರೇ ಇರಬೇಕು.

ಆದಾಗ್ಯೂ ತಮ್ಮ ಮೇಲೆ ಇಲಾಖಾ ವಿಚಾರಣೆ ಬಾಕಿಯಿದೆ. ಸೀಬೆ, ನುಗ್ಗೆ, ಬೇಲಿಯ ಗ್ಲಿರಿಸಿಡಿಯಾ ಸವರಿ ರಾಶಿ ಹಾಕಿ ತಮ್ಮ ವಶಕ್ಕೆ ಕೊಟ್ಟರೆ, ಹಸಿ ಕಡ್ಡಿಯನ್ನು ತಾವು ಸುಡುವುದಿಲ್ಲ, ಬೇಯಿಸುತ್ತೀರಿ. ಆ ಹೊಗೆ ಸದ್ದಿಲ್ಲದೆ ಬೀದಿಯ ಅಷ್ಟೂ ಮನೆಗಳ ಕಿಟಕಿ ಹೊಕ್ಕು, ಒಣಹಾಕಿದ ಬಟ್ಟೆಯಲ್ಲಿ ಕೂತು, ದಮ್ಮಿನ ಮುದುಕರನ್ನು ರಾತ್ರಿಯಿಡೀ ಎಬ್ಬಿಸಿ ಕೂರಿಸುತ್ತದೆ. ಸೊಪ್ಪಿನಲ್ಲಿದ್ದ ಸಾರಜನಕ ಗಾಳಿಪಾಲು, ನಮಗೆ ಉಳಿಯುವುದು ಒಂದು ಬುಟ್ಟಿ ಬೂದಿ. ಮರುದಿನ ಅದೇ ಸಾರಜನಕವನ್ನು ಯೂರಿಯಾ ಚೀಲದಲ್ಲಿ ಕೊಳ್ಳಲು ನಾವು ಸೊಸೈಟಿ ಮುಂದೆ ಸಾಲು ನಿಲ್ಲುತ್ತೇವೆ.

ಕಾನೂನಿನ ಮಾತೂ ಇದೆ. ತೆರೆದ ಜಾಗದಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಅದೇ ವರ್ಷದ ಘನತ್ಯಾಜ್ಯ ನಿಯಮಗಳ ಪ್ರಕಾರ ತೋಟದ ಕಸವನ್ನು ನಮ್ಮ ಆವರಣದಲ್ಲೇ ಬೇರೆ ಇಟ್ಟುಕೊಳ್ಳಬೇಕಿತ್ತು. ಆ ನಿಯಮ ಮುಖ್ಯವಾಗಿ ನಗರ, ಪಟ್ಟಣಗಳಿಗಿತ್ತು. ನಮ್ಮೂರನ್ನು ಮದ್ದೂರು ನಗರಸಭೆಗೆ ಸೇರಿಸಬೇಡಿ, ಪಂಚಾಯಿತಿಯಾಗಿಯೇ ಬಿಡಿ ಎಂದು ಊರವರು ಹೋರಾಟಕ್ಕೆ ಕೂತದ್ದು ತಮಗೂ ಗೊತ್ತು. ನಾವು ಹಳ್ಳಿಯೋ ನಗರವೋ ಎಂದು ಸರ್ಕಾರ ಹೇಳಬಹುದು. ಹೊಗೆ ಮಾತ್ರ ಯಾವ ಗಡಿಯನ್ನೂ ಕೇಳುವುದಿಲ್ಲ.

ಹಾಗಾಗಿ ಯಂತ್ರ ತರೋಣವೆಂದು ಕಾಂಪೌಂಡಿನ ಆಚೆಗೆ ಪ್ರಸ್ತಾಪವಿಟ್ಟೆ. ಉತ್ತರ ತಕ್ಷಣ ಬಂತು: "ಮಿಷಿನ್ನು ಗಿರ್ ಅಂದ್ರೆ ನಮ್ಮೆಮ್ಮೆ ಹಾಲು ಕೊಡಕ್ಕಿಲ್ಲ ಕಣಣ್ಣೋ." ಊರಿನಲ್ಲೇ ಹಾಲು ಒಕ್ಕೂಟದ ದೊಡ್ಡ ಡೈರಿ ಇಟ್ಟುಕೊಂಡು ಎಮ್ಮೆಯ ಮಾತು ತೆಗೆದುಹಾಕುವ ಧೈರ್ಯ ಯಾರಿಗಿದೆ? "ಹೊಗೆ ಹಾಕಿದ್ರೆ ಕೊಡ್ತದಾ ತಾಯಿ?" ಎಂದೆ. "ಹೊಗೆಗೆ ಸೊಳ್ಳೆ ಓಯ್ತವೆ ಕಣಣ್ಣ" ಎಂದರು. ತಮ್ಮ ಪರವಾಗಿ ಇಷ್ಟು ಗಟ್ಟಿ ವಕಾಲತ್ತು ಬೇರೆ ಯಾರೂ ಮಾಡಿಲ್ಲ, ಕಡತದಲ್ಲಿ ಸೇರಿಸಿದ್ದೇನೆ.

ಸದ್ದಿಗೆ ಗೆಜ್ಜಲಗೆರೆ ಹೊಸತೇನಲ್ಲ. ಬೆಂಗಳೂರು–ಮೈಸೂರು ದಶಪಥದ ಉದ್ಘಾಟನೆಗೆ 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಭಾಷಣ ಮಾಡಿದ್ದು ಇಲ್ಲೇ. ಲಾರಿ, ಬಸ್ಸುಗಳ ಹಾರನ್ನು ನಮಗೆ ಜೋಗುಳ. 2000ದ ಶಬ್ದಮಾಲಿನ್ಯ ನಿಯಮ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಎನ್ನುತ್ತದೆ. ಹಬ್ಬದ ರಾತ್ರಿಯ ಆರ್ಕೆಸ್ಟ್ರಾದವರಿಗೆ ಈ ಅಂಕಿ ಓದಿ ಹೇಳುವ ಗಂಡಾಳು ಇನ್ನೂ ಹುಟ್ಟಿಲ್ಲ. ಆದರೂ ನನ್ನ ಸೀಬೆಕೊಂಬೆ ಮಾತ್ರ ಪಿಸುದನಿಯಲ್ಲಿ ಪುಡಿಯಾಗಬೇಕಂತೆ. ಆಗಲಿ.

ಹುದ್ದೆಗೆ ಅರ್ಜಿ ಹಾಕಿದವರನ್ನು ಸಂದರ್ಶಿಸಿದೆ. ಮೊದಲನೆಯವರು ಬ್ಲೇಡಿನವರು: ನಿಮಿಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಸುತ್ತು, ತೂಕ ಕಡಿಮೆ, ಬೆಲೆ ಕಡಿಮೆ. ಎಲೆ, ಎಳೆಕಡ್ಡಿಯನ್ನು ನುಣ್ಣಗೆ ಮಾಡುತ್ತಾರೆ. ಬಾಯಿ ಮಾತ್ರ ದೊಡ್ಡದು. ಕೊಂಬೆ ತಗಲಿದೊಡನೆ ಕಿರುಚಿ ಎಮ್ಮೆಯಿರಲಿ, ಡೈರಿಯನ್ನೇ ಬೆಚ್ಚಿಬೀಳಿಸಿಯಾರು. ತಿರಸ್ಕೃತ.

ಎರಡನೆಯವರು ರೋಲರಿನವರು. ಇವರನ್ನು ಕಂಡ ಕೂಡಲೇ ನನಗೆ ನಂಟಸ್ತಿಕೆ ನೆನಪಾಯಿತು: ಆಲೆಮನೆಯ ಗಾಣದ ಮನೆತನದವರು. ಒಳಗೊಂದು ಹಲ್ಲಿನ ಉರುಳೆ, ಎದುರಿಗೊಂದು ಲೋಹದ ತಟ್ಟೆ. ಗೇರಿನಿಂದ ವೇಗ ತಗ್ಗಿಸಿಕೊಂಡು ನಿಮಿಷಕ್ಕೆ ನಲವತ್ತು ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಾರೆ. ಕೊಂಬೆಯ ತುದಿ ಕೊಟ್ಟರೆ ತಾವೇ ಎಳೆದುಕೊಂಡು ಕಟಕಟ ಜಗಿದು ಕೆಳಗೆ ಉದುರಿಸುತ್ತಾರೆ. ನಾಲ್ಕು ಸೆಂಟಿಮೀಟರ್ ದಪ್ಪದವರೆಗೂ ತಕರಾರಿಲ್ಲ. ಸಿಕ್ಕಿಕೊಂಡರೆ ಹಿಂದಕ್ಕೆ ತಿರುಗಿಸುವ ಸ್ವಿಚ್ಚಿದೆ. ಸವೆದ ಮೇಲೆ ಬದಿಯ ತಿರುಪನ್ನು ನಿಧಾನವಾಗಿ ಬಿಗಿದು, ಒಂಚೂರು ಅಲ್ಯೂಮಿನಿಯಂ ಪುಡಿ ಉದುರಿದೊಡನೆ ನಿಲ್ಲಿಸಬೇಕು. ತಟ್ಟೆ ಉರುಳೆಗೆ ಮುಟ್ಟಿತೆಂದು ಅರ್ಥ. ಜಜ್ಜಿದ ಚೂರು ನುಣುಪಲ್ಲ, ನಾರು ಬಿಟ್ಟುಕೊಂಡಿರುತ್ತದೆ; ಅದಕ್ಕೇ ಬೇಗ ಕೊಳೆಯುತ್ತದೆ. ಗಿಡದ ಬುಡದಲ್ಲಿ ಮೇಲೆ ಹರಡಬೇಕು. ಹಸಿಯಾಗಿಯೇ ಮಣ್ಣಿಗೆ ಕಲಸಿದರೆ ಅದನ್ನು ಕೊಳೆಸುವ ಜೀವಾಣುಗಳು ಗಿಡದ ಪಾಲಿನ ಸಾರಜನಕವನ್ನು ಕಸಿದುಕೊಳ್ಳುತ್ತವೆ.

ಇವರ ಮೋಟಾರಿನ ಮೇಲೆ ಕಂಡ ಬರಹದಿಂದ ನನ್ನ ಗೌರವ ಇಮ್ಮಡಿಸಿತು. 'ಎಸ್6, 40%' ಎಂದಿದೆ. ಅಂದರೆ ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಕೆಲಸ, ಆರು ನಿಮಿಷ ಖಾಲಿ ತಿರುಗಾಟ. ಸರ್ಕಾರಿ ನೌಕರಿಗೆ ಇದಕ್ಕಿಂತ ಅರ್ಹತೆ ಬೇಕೇ? ತಾಲ್ಲೂಕು ಕಚೇರಿಯಲ್ಲಿ ಈ ಪ್ರಮಾಣ ಸಾಧಿಸಿದ್ದರೆ ಪಹಣಿ ತಿದ್ದುಪಡಿಗಳು ಯಾವತ್ತೋ ಮುಗಿಯುತ್ತಿದ್ದವು.

ಆದರೆ "ನಿಶ್ಶಬ್ದ" ಎಂದು ಡಬ್ಬದ ಮೇಲೆ ಬರೆದದ್ದನ್ನು ನಂಬುವಂತಿಲ್ಲ. ಯುರೋಪಿನಲ್ಲಿ ಇಂಥ ಯಂತ್ರದ ಮೇಲೆ ಅದು ಹೊರಡಿಸುವ ಒಟ್ಟು ಶಬ್ದಶಕ್ತಿಯ ಅಂಕಿ ಹಚ್ಚಲೇಬೇಕೆಂಬ ನಿಯಮ 2000ದಲ್ಲೇ ಬಂದಿದೆ. ಇಲ್ಲಿ ಅಂಗಡಿಯವರು ತಮಗೆ ಬೇಕಾದಷ್ಟು ದೂರ ನಿಂತು ಅಳೆದ, ಚಿಕ್ಕದಾಗಿ ಕಾಣುವ ಅಂಕಿ ತೋರಿಸುತ್ತಾರೆ. ಎರಡು ಬೇರೆ ಲೆಕ್ಕ. ಶಬ್ದಶಕ್ತಿ 90 ಎಂದಿದ್ದರೆ ಬಯಲಿನಲ್ಲಿ ಹತ್ತು ಮೀಟರ್ ದೂರದ ಕಿವಿಗೆ ಬೀಳುವುದು ಸುಮಾರು 62. ಹತ್ತು ಡೆಸಿಬಲ್ ಏರಿದರೆ ಶಕ್ತಿ ಹತ್ತು ಪಟ್ಟು, ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಎಂದರೆ ರೋಲರಿನವರೂ ಮೌನಿಗಳಲ್ಲ. ಮಿಕ್ಸಿಗೆ ಹೆದರದ ಎಮ್ಮೆಗೆ ಸಹ್ಯವಾದಾರು, ಅಷ್ಟೇ. ಹಾಲು ಕರೆಯುವ ಹೊತ್ತು ಬಿಟ್ಟು, ಕೊಟ್ಟಿಗೆಯಿಂದ ದೂರದ ಮೂಲೆಯಲ್ಲಿ ಓಡಿಸುವುದೆಂದು ಒಪ್ಪಂದವಾಗಿದೆ.

ಕರೆಂಟಿನ ಖರ್ಚು ಹೆಚ್ಚಲ್ಲ. 2,500 ವಾಟಿನ ಮೋಟಾರು ಗಂಟೆಗೆ ಹೆಚ್ಚೆಂದರೆ ಎರಡೂವರೆ ಯೂನಿಟ್ ತಿನ್ನುತ್ತದೆ. ವೋಲ್ಟೇಜಿನದೇ ಚಿಂತೆ. 230 ಇರಬೇಕಾದದ್ದು ಸಂಜೆ 180ಕ್ಕಿಳಿದರೆ ಇಂಥ ಮೋಟಾರಿನ ತಿರುಗುಬಲ ನೂರಕ್ಕೆ ಅರವತ್ತು ಪಾಲಿಗೆ ಕುಸಿಯುತ್ತದೆ. ಆಗ ನಿಜಕ್ಕೂ ನಿಶ್ಶಬ್ದ: ಕೊಂಬೆ ಕಚ್ಚಿಕೊಂಡು ನಿಂತಲ್ಲೇ ನಿಂತಿರುತ್ತಾರೆ, ಮೋಟಾರು ಸುಡುವ ವಾಸನೆಯೊಂದೇ ಬರುತ್ತದೆ. ಬೇಸಿಗೆಯ ಸಂಜೆ ಇವರಿಗೆ ರಜೆ. 15 ಆಂಪಿಯರ್ ಪ್ಲಗ್ಗು, ದಪ್ಪ ಕೇಬಲ್ಲು ಕಡ್ಡಾಯ.

ಇನ್ನು ನೇಮಕಾತಿಯ ದೊಡ್ಡ ತೊಡಕು: ತೆಂಗು. ಮಂಡ್ಯ ಜಿಲ್ಲೆಯಲ್ಲಿ ತೆಂಗು ಬಿಟ್ಟು ಹಿತ್ತಿಲಿನ ಕಸ ಲೆಕ್ಕ ಹಾಕುವವನು ದಡ್ಡ. ಎಡೆಮಟ್ಟೆಯ ಬುಡ ರೋಲರಿನ ಬಾಯಿಗೆ ಹಿಡಿಸದು, ಗರಿಯ ನಾರು ಉರುಳೆಗೆ ಸುತ್ತಿಕೊಂಡು ನಿಂತುಬಿಡುತ್ತದೆ. ಕಬ್ಬಿನ ತರಗನ್ನಂತೂ ತೋರಿಸಲೂ ಬಾರದು. ರೇಷ್ಮೆ ಬೆಳೆಯುವ ಮನೆಗಳಿಗೆ ಮಾತ್ರ ಇವರು ದೇವರು: ಪ್ರತಿ ಬೆಳೆಯ ಮೇಲೂ ಉಳಿಯುವ ಹಿಪ್ಪುನೇರಳೆ ಕಡ್ಡಿ ನೇರ, ಬೆರಳು ದಪ್ಪ, ಇವರಿಗಾಗಿಯೇ ಅಳತೆ ಕೊಟ್ಟು ಬೆಳೆಸಿದಂತಿದೆ. ಮಳವಳ್ಳಿ ಕಡೆಯ ನಮ್ಮ ಭಾವ ಇದನ್ನು ಕೇಳಿ ಒಂದೇ ಮಾತು ಹೇಳಿದರು: "ಕಡ್ಡಿನೆಲ್ಲ ಪುಡಿ ಮಾಡ್ಬುಟ್ರೆ ನೀರೊಲೆಗೆ ಏನ್ ಹಾಕನ?" ಅವರ ಅರ್ಜಿ ಅಲ್ಲಿಗೆ ವಿಲೇವಾರಿಯಾಯಿತು.

ಮೂರನೆಯ ಅಭ್ಯರ್ಥಿ ಕರೆಯದೆ ಬಂದವರು: ಪಕ್ಕದ ಮನೆಯ ಕೊಟ್ಟಿಗೆಯಲ್ಲೇ ಇರುವ ಮೇವು ಕತ್ತರಿಸುವ ಮಿಷಿನ್ನಿನವರು. ದಿನವೂ ಎಮ್ಮೆಯ ಕಿವಿಯ ಪಕ್ಕದಲ್ಲೇ ಗಡಗಡಿಸುತ್ತಾರೆ. ಎಮ್ಮೆಗೆ ಆ ಸದ್ದಿನ ಬಗ್ಗೆ ಆಕ್ಷೇಪಣೆಯಿಲ್ಲ, ಅದರ ಹಿಂದೆಯೇ ಮೇವು ಬರುತ್ತದಲ್ಲ. ಎಳೆಕಡ್ಡಿ, ಸೊಪ್ಪು ಅವರ ಪಾಲಿಗಿರಲಿ ಎಂದು ಮನವಿ ಮಾಡಿದ್ದೇನೆ.

ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ ಆದೇಶಿಸುವುದೇನೆಂದರೆ: ಬೀದಿಯ ಮೂರ್ನಾಲ್ಕು ಮನೆಯವರು ಸೇರಿ ರೋಲರಿನವರನ್ನು ಕೊಳ್ಳತಕ್ಕದ್ದು, ಒಬ್ಬೊಬ್ಬರೇ ಕೊಂಡು ಅಟ್ಟದ ಮೇಲೆ ಪೂಜಿಸತಕ್ಕದ್ದಲ್ಲ. ಎಡೆಮಟ್ಟೆ ನೀರೊಲೆಗೆ, ಗರಿಯ ಕಡ್ಡಿ ಪೊರಕೆಗೆ, ಉಳಿದದ್ದು ತೆಂಗಿನ ಪಾತಿಗೆ. ತಮ್ಮನ್ನು ಹಿತ್ತಿಲ ಪ್ರಭಾರದಿಂದ ಈ ಕ್ಷಣದಿಂದಲೇ ಬಿಡುಗಡೆ ಮಾಡಿ ದೇವರಮನೆ ಹಾಗೂ ನೀರೊಲೆ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಅಡುಗೆಮನೆಯಲ್ಲಿ ಹುದ್ದೆ ಖಾಲಿಯಿಲ್ಲ. ವರ್ಗಾವಣೆ ರದ್ದುಪಡಿಸಲು ರಾಜಕೀಯ ಒತ್ತಡ ತಂದರೆ ಶಿಸ್ತುಕ್ರಮ ಜರುಗಿಸಲಾಗುವುದು.

ತಮ್ಮ ವಿಶ್ವಾಸಿ,
ಹಿತ್ತಿಲಿನ ಯಜಮಾನ

ಪ್ರತಿಗಳು:
ಪಕ್ಕದ ಮನೆಯವರಿಗೆ, ಎಮ್ಮೆಯ ಗಮನಕ್ಕೆ ತರುವ ಸಲುವಾಗಿ.
ಅಡುಗೆಮನೆಯ ಗ್ಯಾಸ್ ಲೈಟರ್ ಅವರಿಗೆ, ಗ್ಯಾಸು ಇದ್ದಾಗಲೂ ಹತ್ತು ಸಲ ಚಟಚಟ ಎಂದು ಹೊತ್ತದಿರುವುದಕ್ಕೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೋರಿ.