ಒಸಡುರೋಗದ ಸನ್ನಿಧಾನಕ್ಕೊಂದು ಬಿನ್ನವತ್ತಳೆ

ಮ॥ ರಾ॥ ಶ್ರೀ ಒಸಡುರೋಗದವರಿಗೆ,

ತಮಿಳುನಾಡಿನ ಬೇರಿಕೆ ಊರಿನಿಂದ ಬರೆಯುವ ಪತ್ರ. ಇತ್ತ ನಾವು ಕ್ಷೇಮ. ತಾವಂತೂ ನಮ್ಮ ಬಾಯಲ್ಲೇ ಕ್ಷೇಮವಾಗಿದ್ದೀರಿ.

ಹುಳುಕು ಹಲ್ಲು ರಾತ್ರಿಯೆಲ್ಲ ಮನೆಮಂದಿಯನ್ನು ಎಬ್ಬಿಸಿ ಕೂರಿಸುತ್ತದೆ. ತಮ್ಮದು ಮರ್ಯಾದಸ್ಥರ ನಡವಳಿಕೆ. ನೋವಿಲ್ಲ, ಗಲಾಟೆಯಿಲ್ಲ. ಒಸಡಿನಂಚಿಗೆ ಕೂತ ಅಂಟುಪಾಚಿ ಒಂದೆರಡು ದಿನದಲ್ಲೇ ಗಟ್ಟಿಯಾಗತೊಡಗಿ ಗಾರೆಯಾಗುತ್ತದೆ. ಆಮೇಲೆ ಅದು ಯಾವ ಬ್ರಷ್ಷಿಗೂ ಬಗ್ಗದು. ಒಸಡು ಕೆಂಪಗೆ ಊದಿ, ಉಜ್ಜುವಾಗ ರಕ್ತ ಬರುತ್ತದೆ. ತಾವು ಕೊಡುವ ಮೊದಲ ನೋಟೀಸು ಅದೇ.

ನಾವು ಅದನ್ನು ಓದುವ ಚಂದ ನೋಡಿ. 'ಬ್ರಷ್ ಬಿರುಸು' ಎಂದು ಆ ಬದಿ ಉಜ್ಜುವುದನ್ನೇ ಬಿಡುತ್ತೇವೆ. ಇದ್ದಿಲು, ಇಟ್ಟಿಗೆಪುಡಿ ಹಾಕಿ ಹಲ್ಲನ್ನೇ ಸವೆಸುತ್ತೇವೆ, ತಮ್ಮ ಬಿಡಾರವಿರುವ ಸಂದಿಗೆ ಮಾತ್ರ ಕೈಹಾಕೆವು. ಬೀಡಿ ಸೇದುವವರ ಉಪಕಾರ ಇನ್ನೂ ದೊಡ್ಡದು: ಅವರ ಒಸಡಿನಲ್ಲಿ ರಕ್ತವೇ ಅಷ್ಟಾಗಿ ಕಾಣಿಸದು, ತಮ್ಮ ಕೆಲಸ ಒಳಗೊಳಗೇ ಸಾಗುತ್ತದೆ. ತಂಬಾಕು ಬೆರೆಸಿದ ಹಲ್ಲುಪುಡಿಯನ್ನು ಸರ್ಕಾರ 1992ರಲ್ಲೇ ನಿಷೇಧಿಸಿತಂತೆ. ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸಲು ನಮ್ಮ ಅಜ್ಜಿಯರು ಯಾವ ಸರ್ಕಾರವನ್ನು ಕೇಳಿದ್ದರು?

ರಕ್ತ ಬರುವ ಹಂತದಲ್ಲೇ ಗಾರೆ ತೆಗೆಸಿ ನೆಟ್ಟಗೆ ಉಜ್ಜಿಕೊಂಡರೆ ಒಸಡು ಮೊದಲಿನಂತಾಗುತ್ತದೆ. ತಡಮಾಡಿದರೆ ತಾವು ಬುಡದ ಮೂಳೆಗೆ ಇಳಿಯುತ್ತೀರಿ. ಕರಗಿದ ಮೂಳೆ ತಾನಾಗಿ ಮರಳದು. ಆದರೆ 'ಕ್ಲೀನ್ ಮಾಡ್ಸಿದ್ರೆ ಹಲ್ಲು ಅಲ್ಲಾಡ್ತದೆ ಕಣಪ್ಪ' ಎನ್ನುವ ಹಿರಿಯರು ಊರ ತುಂಬ ಇದ್ದಾರೆ. ಅಲ್ಲಾಡಿಸಿದ್ದು ತಾವು, ಗಾರೆ ಅದನ್ನು ಹಿಡಿದಿಟ್ಟು ಮರೆಮಾಚಿತ್ತಷ್ಟೆ. ಕೆಟ್ಟ ಹೆಸರು ಡಾಕ್ಟರಿಗೆ. ಇಂಥ ಅದೃಷ್ಟ ಇನ್ಯಾವ ಕಾಯಿಲೆಗಿದೆ?

ಸಕ್ಕರೆ ಕಾಯಿಲೆಯೊಂದಿಗೆ ತಮ್ಮ ಬೀಗತನವೂ ಗಟ್ಟಿ. ಅದು ಏರಿದರೆ ತಾವು ಬಲಿಯುತ್ತೀರಿ, ತಾವು ಬಲಿತರೆ ಅದು ಸುಲಭಕ್ಕೆ ಹತೋಟಿಗೆ ಬಾರದು. ಅದರ ಮಾತ್ರೆಯನ್ನು ಮನೆಬಾಗಿಲಿಗೆ ತಲುಪಿಸುವ 'ಮಕ್ಕಳೈ ತೇಡಿ ಮರುತ್ತುವಂ' ಸರ್ಕಾರಿ ಯೋಜನೆ 2021ರ ಆಗಸ್ಟಿನಲ್ಲಿ ಶುರುವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಮಾತ್ರೆ ನುಂಗಲು ಬಾಯಿ ತೆರೆಯುತ್ತೇವೆ, ತೋರಿಸಲು ತೆರೆಯುವುದಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಆಡುವ ಬಾಯಿ ತಮ್ಮ ವಿಷಯಕ್ಕೆ ಬಂದರೆ ಮೂರರಲ್ಲೂ ಮುಚ್ಚಿಕೊಳ್ಳುತ್ತದೆ.

ತಮಗಿರುವ ಅಪಾಯ ಒಂದೇ. ಹಲ್ಲಿನ ಡಾಕ್ಟರ ಬಳಿ ಗೆರೆ ಹಾಕಿದ ಸಣ್ಣ ಕಡ್ಡಿಯಿದೆ. ಹಲ್ಲು–ಒಸಡಿನ ಸಂದಿಗೆ ಇಳಿಸಿ ಆಳ ನೋಡುತ್ತಾರೆ. 3 ಮಿಲಿಮೀಟರಿನೊಳಗಿದ್ದರೆ ಸರಿ, ಅದನ್ನು ದಾಟಿದರೆ ತಮ್ಮ ವಿಳಾಸ ಸಿಕ್ಕಂತೆ. ಆದರೂ ಹೆದರಬೇಡಿ. 'ನೋವೇ ಇಲ್ವಲ್ಲ' ಅಂತ ಡಾಕ್ಟರ ಬಳಿಗೆ ಹೋಗಲು ಹತ್ತಬೇಕಾದ ಹೊಸೂರಿನ ಬಸ್ಸನ್ನು ಬಿಟ್ಟುಬಿಡುವವರು ಇನ್ನೂ ಬೇಕಾದಷ್ಟಿದ್ದೇವೆ.

ಇಂತಿ ತಮ್ಮ ವಿಧೇಯ,
ಬೇರಿಕೆಯ ಒಬ್ಬ ಬಾಡಿಗೆದಾರ
(ಹಲ್ಲುಗಳು ಸದ್ಯಕ್ಕೆ ನನ್ನವೇ)